ಮನೆಯ ಏರ್ ಕಂಪ್ರೆಸರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಹಿಂದೊಮ್ಮೆ ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡು ಈಗ ನನ್ನ ವರ್ಕ್‌ಶಾಪ್. ಅಲ್ಲಿರುವ 2 ಎಚ್‌ಪಿ ಮೋಟರಿನ, 50 ಲೀಟರ್ ಟ್ಯಾಂಕಿನ ಬೆಲ್ಟ್ ಕಂಪ್ರೆಸರ್ ಬಾಗಿಲಿಗೆ ಪಾಲಿಶ್ ಹೊಡೆಯುವುದರಿಂದ ಹಿಡಿದು ಸ್ಕೂಟರಿನ ಗಾಲಿಗೆ ಗಾಳಿ ತುಂಬುವವರೆಗೆ ಎಲ್ಲಕ್ಕೂ ಒದಗುತ್ತದೆ. ಅದು ಕೆಟ್ಟಾಗಲೆಲ್ಲ ನನಗೆ ಮನದಟ್ಟಾದ ಸಂಗತಿಯೊಂದಿದೆ. ಕಂಪ್ರೆಸರಿನ ದೋಷವನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಗಾಳಿ ಎಲ್ಲಿಂದ ಸುಸ್ಸೆನ್ನುತ್ತಿದೆ ಎಂಬುದರ ಜೊತೆಗೆ ಯಾವಾಗ ಸುಸ್ಸೆನ್ನುತ್ತಿದೆ, ಮೋಟರ್ ಓಡುವಾಗಲೋ ನಿಂತ ಮೇಲೋ, ಎಂಬುದನ್ನು ಗಮನಿಸಿದರೆ ಪಾನಾ ಹಿಡಿಯುವ ಮೊದಲೇ ಅರ್ಧ ರೋಗ ಗೊತ್ತಾಗಿರುತ್ತದೆ.

ಇಲ್ಲಿ ಬರೆದಿರುವುದು ಮನೆಬಳಕೆಯ ಸಿಂಗಲ್ ಫೇಸ್ ಪಿಸ್ಟನ್ ಕಂಪ್ರೆಸರುಗಳಿಗೆ, ಅಂದರೆ ಬೆಲ್ಟ್ ಇರುವವು, ಮೋಟರಿಗೇ ಪಂಪು ಜೋಡಿಸಿರುವ ಡೈರೆಕ್ಟ್ ಮಾದರಿಯವು, ಎಣ್ಣೆಯಿಲ್ಲದ ಆಯಿಲ್ ಫ್ರೀ ಮಾದರಿಯವು, ಈ ಮೂರಕ್ಕೆ ಮಾತ್ರ ಅನ್ವಯಿಸುತ್ತದೆ. ಕಾರ್ಖಾನೆಗಳ ಸ್ಕ್ರೂ ಕಂಪ್ರೆಸರಿನ ವಿಷಯವೇ ಬೇರೆ.

ಕೈ ಹಚ್ಚುವ ಮುನ್ನ

ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಲಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಪ್ರೆಶರ್ ಸ್ವಿಚ್ ಇರುವ ಯಂತ್ರ ಒತ್ತಡ ಇಳಿದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಚಾಲೂ ಆಗುತ್ತದೆ. ಆಮೇಲೆ ಟ್ಯಾಂಕಿನ ತಳದ ಡ್ರೇನ್ ವಾಲ್ವನ್ನು ನಿಧಾನವಾಗಿ ತೆರೆದು ಗಾಳಿಯನ್ನೆಲ್ಲ ಬಿಡಬೇಕು. ಗೇಜಿನ ಮುಳ್ಳು ಸೊನ್ನೆಗೆ ಬಂದಿತೆಂದು ನಂಬಬಾರದು, ಮುಳ್ಳು ಸಿಕ್ಕಿಕೊಂಡಿರಬಹುದು. ಡ್ರೇನಿನ ಸದ್ದು ಪೂರ್ತಿ ನಿಂತ ಮೇಲೆಯೇ ನಟ್ಟು ಬಿಚ್ಚಬೇಕು. 30 ಸೆಂಟಿಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 8 ಕೆಜಿ ಒತ್ತಡವಿದ್ದಾಗ ಅದರ ಒಂದೊಂದು ಮುಚ್ಚಳದ ಮೇಲೆ ಬೀಳುವ ಬಲ ಐದೂವರೆ ಟನ್ನಿಗಿಂತ ಹೆಚ್ಚು. ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರನ್ನು ಕಂಡವರಿಗೆ ಆ ಭಾರದ ಅಂದಾಜು ಇರುತ್ತದೆ.

ಪಂಪಿನ ಹೆಡ್ಡು, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಮತ್ತು ಅಲ್ಲಿಂದ ಟ್ಯಾಂಕಿಗೆ ಇಳಿಯುವ ತಾಮ್ರದ ಕೊಳವೆ ಕುದಿಯುವ ನೀರಿಗಿಂತ ಬಿಸಿಯಾಗಬಲ್ಲವು, ಆದ್ದರಿಂದ ಅರ್ಧ ಗಂಟೆ ಆರಲು ಬಿಡಬೇಕು. ಕಣ್ಣಿಗೆ ಕನ್ನಡಕ ಇರಲಿ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲಸ ಮುಗಿದ ಮೇಲೆ ಏರ್ ಗನ್ನಿನಿಂದ ಅಂಗಿಯ ಧೂಳು ಹಾರಿಸಿಕೊಳ್ಳುವುದು ನಮ್ಮ ಗ್ಯಾರೇಜುಗಳಲ್ಲಿ ದಿನನಿತ್ಯದ ನೋಟ. ಆ ಗಾಳಿ ಗಾಯದ ಮೂಲಕ ಚರ್ಮದೊಳಗೆ ಹೊಕ್ಕಬಹುದು, ಕಣ್ಣು ಕಿವಿಗಳನ್ನು ಹಾಳುಮಾಡಬಹುದು. ತಮಾಷೆಗೆಂದು ಇನ್ನೊಬ್ಬರ ಮೈಗೆ ಹಿಡಿದು ಜೀವ ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಮಕ್ಕಳಿರುವ ಮನೆಯಲ್ಲಿ ಗನ್ನನ್ನು ಪೈಪಿನಿಂದ ಕಳಚಿ ಎತ್ತಿಡುವುದು ಒಳಿತು.

ಸರಿಯಿರುವಾಗ ಅದು ಹೇಗೆ ನಡೆದುಕೊಳ್ಳುತ್ತದೆ

ಸುಸ್ಥಿತಿಯ ನಡೆ ಗೊತ್ತಿಲ್ಲದಿದ್ದರೆ ದೋಷ ಕಾಣುವುದಿಲ್ಲ. ಬಹುತೇಕ ಮನೆಬಳಕೆಯ ಯಂತ್ರಗಳು ಸುಮಾರು 8 ಕೆಜಿ ಒತ್ತಡಕ್ಕೆ, ಅಂದರೆ 115 ಪಿಎಸ್‌ಐ ಆಸುಪಾಸಿಗೆ, ತಾವಾಗಿಯೇ ನಿಂತು, ಸುಮಾರು 6 ಕೆಜಿಗೆ ಇಳಿದಾಗ ಮತ್ತೆ ಶುರುವಾಗುತ್ತವೆ. ನಿಲ್ಲುವ ಕ್ಷಣದಲ್ಲಿ ಪ್ರೆಶರ್ ಸ್ವಿಚ್ಚಿನ ಬುಡದಿಂದ ಎರಡು ಮೂರು ಸೆಕೆಂಡು “ಟುಸ್ಸ್” ಎಂಬ ಸದ್ದು ಬಂದು ನಿಲ್ಲುತ್ತದೆ. ಇದು ಸೋರಿಕೆಯಲ್ಲ, ಹೆಡ್ಡಿನಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟು ಮುಂದಿನ ಸಲ ಮೋಟರ್ ಹಗುರವಾಗಿ ಏಳಲೆಂದು ಅನ್‌ಲೋಡರ್ ಎಂಬ ಚಿಕ್ಕ ವಾಲ್ವು ಮಾಡುವ ಕೆಲಸ.

ಹೊಸ ಯಂತ್ರ ತಂದ ದಿನವೇ ಖಾಲಿ ಟ್ಯಾಂಕಿನಿಂದ ಪೂರ್ತಿ ತುಂಬುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಮೊಬೈಲಿನಲ್ಲಿ ಅಳೆದು ಟ್ಯಾಂಕಿನ ಮೇಲೆಯೇ ಬಣ್ಣದಲ್ಲಿ ಬರೆದಿಡಬೇಕು. ನನ್ನದರ ಮೇಲೆ “3 ನಿ. 10 ಸೆ.” ಎಂದಿದೆ. ಇದಕ್ಕಿಂತ ಅಗ್ಗದ ಪರೀಕ್ಷಾ ಸಾಧನ ಇನ್ನೊಂದಿಲ್ಲ. ಕಂಪನಿಯ ಪುಸ್ತಿಕೆಯಲ್ಲಿ ಕೊಟ್ಟ ಹೊತ್ತಿಗಿಂತ ನಮ್ಮಲ್ಲಿ ತುಸು ಹೆಚ್ಚು ಹಿಡಿದರೆ ಗಾಬರಿ ಬೇಡ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 650ರಿಂದ 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕರಾವಳಿಗಿಂತ ಹೆಚ್ಚುಕಡಿಮೆ ಶೇಕಡಾ 8ರಷ್ಟು ತೆಳು, ಆದ್ದರಿಂದ ತುಂಬುವ ಹೊತ್ತೂ ಅಷ್ಟೇ ಹೆಚ್ಚುತ್ತದೆ.

ಸ್ವಿಚ್ ಹಾಕಿದರೂ ಸದ್ದೇ ಇಲ್ಲ

ಮೊದಲು ಗೇಜ್ ನೋಡಬೇಕು. ಟ್ಯಾಂಕಿನಲ್ಲಿ 7 ಕೆಜಿ ಇದ್ದರೆ ಯಂತ್ರ ಏಳುವುದೇ ಇಲ್ಲ, ಅದು ದೋಷವಲ್ಲ. ಡ್ರೇನ್ ತೆರೆದು 6ರ ಕೆಳಗೆ ಇಳಿಸಿದರೆ ತಾನಾಗಿ ಚಾಲೂ ಆಗುತ್ತದೆ. ನಂತರ ಅದೇ ಪ್ಲಗ್ಗಿಗೆ ಡ್ರಿಲ್ ಮಷಿನ್ನನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹಚ್ಚಿ ಕರೆಂಟು ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮೋಟರಿನ ಪಕ್ಕದಲ್ಲಿ ಓವರ್‌ಲೋಡಿನ ಕೆಂಪು ಗುಂಡಿ ಹೊರಬಂದಿದ್ದರೆ ಕಾವು ಆರುವವರೆಗೆ ಕಾದು ಒಳಗೆ ಒತ್ತಬೇಕು. ಒತ್ತಿದ ಕೆಲವೇ ನಿಮಿಷಗಳಲ್ಲಿ ಅದು ಮತ್ತೆ ಹೊರಬಂದರೆ ಒತ್ತುತ್ತ ಕೂರಬಾರದು, ಮೋಟರ್ ಹೆಚ್ಚು ಕರೆಂಟು ಎಳೆಯುತ್ತಿದೆ ಎಂದೇ ಅದರ ಅರ್ಥ.

ಇಷ್ಟೂ ಸರಿಯಿದ್ದರೆ ಪ್ಲಗ್ ಕಿತ್ತು ಪ್ರೆಶರ್ ಸ್ವಿಚ್ಚಿನ ಮುಚ್ಚಳ ತೆಗೆಯಬಹುದು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇರುವೆಗಳೂ ಹಲ್ಲಿಮರಿಗಳೂ ಅದರೊಳಗೆ ಸೇರುತ್ತವೆ. ನಾನು ಒಮ್ಮೆ ತೆರೆದಾಗ ಎರಡು ಪಾಯಿಂಟುಗಳ ನಡುವೆ ಹಲ್ಲಿಮರಿಯೊಂದು ಒಣಗಿ ಕಡ್ಡಿಯಂತೆ ನಿಂತಿತ್ತು. ಅದನ್ನು ತೆಗೆದದ್ದಷ್ಟೇ ಆ ದಿನದ ದುರಸ್ತಿ. ಪಾಯಿಂಟುಗಳು ಸುಟ್ಟು ಗುಳಿಬಿದ್ದಿದ್ದರೆ ಉಜ್ಜಿ ಕೆಲಸ ತೆಗೆಯುವುದಕ್ಕಿಂತ ಸ್ವಿಚ್ಚನ್ನೇ ಬದಲಿಸುವುದು ಮೇಲು.

ಎಂಸಿಬಿ ಬೀಳುತ್ತಿದ್ದರೆ ಅದೇ ಸಾಲಿನಲ್ಲಿ ಗೀಜರ್ ಅಥವಾ ನೀರಿನ ಪಂಪು ಓಡುತ್ತಿದೆಯೇ ಎಂದು ನೋಡಬಹುದು. ಆದರೆ ಬೀಳುತ್ತಿರುವುದು ಎಂಸಿಬಿಯಲ್ಲದೆ ಕರೆಂಟು ಸೋರಿದಾಗ ಬೀಳುವ ಆರ್‌ಸಿಸಿಬಿ ಆಗಿದ್ದರೆ, ಅಥವಾ ಟ್ಯಾಂಕಿಗೆ ಬೆರಳು ತಾಗಿದಾಗ ಸಣ್ಣಗೆ ಜುಮ್ಮೆಂದರೂ ಸಹ, ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಶಿಯನ್ನನ್ನು ಕರೆಯಬೇಕು. ಕರೆಂಟು ಕಬ್ಬಿಣದ ಮೈಗೆ ಹರಿಯುತ್ತಿದೆ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿಗೆ ಕಂಪ್ರೆಸರ್ ಹಚ್ಚುವುದಂತೂ ಕೂಡದು.

“ಗುಂಯ್” ಎನ್ನುತ್ತದೆ, ತಿರುಗುವುದಿಲ್ಲ

ಈ ಸದ್ದು ಕೇಳಿದ ಐದು ಸೆಕೆಂಡಿನೊಳಗೆ ಸ್ವಿಚ್ ಆರಿಸಬೇಕು. ತಿರುಗದೆ ನಿಂತ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ನೋಡುತ್ತ ನಿಂತರೆ ವೈಂಡಿಂಗ್ ಸುಟ್ಟು ಹೋಗುತ್ತದೆ.

ಖರ್ಚಿಲ್ಲದ ಪರೀಕ್ಷೆಯೆಂದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮತ್ತೊಮ್ಮೆ ಹಚ್ಚಿ ನೋಡುವುದು. ಖಾಲಿ ಟ್ಯಾಂಕಿನಲ್ಲಿ ಸಲೀಸಾಗಿ ಎದ್ದು, 6 ಕೆಜಿಗೆ ಮರುಚಾಲೂ ಆಗುವಾಗ ಮಾತ್ರ ಗುಂಯ್ ಎಂದರೆ ಮೋಟರ್ ನಿರಪರಾಧಿ. ಪಿಸ್ಟನ್ನಿನ ನೆತ್ತಿಯ ಮೇಲೆ ಗಾಳಿ ಉಳಿದುಬಿಟ್ಟಿದೆ, ಅಂದರೆ ನಿಂತಾಗ ಬರಬೇಕಾದ ಆ ಟುಸ್ಸ್ ಸದ್ದು ಬರುತ್ತಿಲ್ಲ. ಅನ್‌ಲೋಡರ್ ಅಂಟಿಕೊಂಡಿದೆ ಅಥವಾ ಅದರ ಸಣ್ಣ ಕೊಳವೆ ಕಟ್ಟಿಕೊಂಡಿದೆ.

ಖಾಲಿಯಿದ್ದರೂ ಏಳದಿದ್ದರೆ ವೈರಿನ ಕಡೆ ನೋಡಬೇಕು. ಮನೆಯಿಂದ ಹಿತ್ತಲಿನ ಶೆಡ್ಡಿಗೆ ಎಳೆದ ತೆಳುವಾದ ಎಕ್ಸ್‌ಟೆನ್ಶನ್ ವೈರು ನಮ್ಮ ಕಡೆಯ ಎಷ್ಟೋ ಮೋಟರುಗಳನ್ನು ಕೊಂದಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ಸರಳವಾಗಿದೆ. 2 ಎಚ್‌ಪಿ ಮೋಟರ್ ಓಡುವಾಗ ಸುಮಾರು 10 ಆಂಪಿಯರ್, ಏಳುವಾಗ 50 ಆಂಪಿಯರಿನಷ್ಟು ಎಳೆಯುತ್ತದೆ. 20 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಹೋಗಿಬರುವ ದಾರಿಯ ರೋಧ ಸುಮಾರು 0.7 ಓಮ್. ಹೀಗಾಗಿ ಏಳುವ ಹೊತ್ತಿಗೆ ವೈರಿನಲ್ಲಿಯೇ 35 ವೋಲ್ಟು ಕಳೆದುಹೋಗುತ್ತದೆ. ಅದೇ ಉದ್ದಕ್ಕೆ 2.5 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ 14 ವೋಲ್ಟಿಗೆ ಇಳಿಯುತ್ತದೆ. ಬೇಸಿಗೆಯ ಸಂಜೆ ಹೊತ್ತಿನಲ್ಲಿ ಮೂಲದಲ್ಲಿಯೇ ವೋಲ್ಟೇಜ್ ಕಡಿಮೆಯಿದ್ದರೆ ತೆಳು ವೈರಿನ ಕೊನೆಯಲ್ಲಿ ಮೋಟರಿಗೆ ಸಿಗುವುದು ಎಷ್ಟೆಂದು ಓದುಗರೇ ಊಹಿಸಬಹುದು. ಮಲ್ಟಿಮೀಟರ್ ಬಳಸಲು ಬರುವವರು ಯಂತ್ರ ಓಡುವಾಗ ಪ್ಲಗ್ಗಿನಲ್ಲಿ ಅಳೆದು ನೋಡಲಿ; 200ರ ಕೆಳಗಿದ್ದರೆ ಆ ಹೊತ್ತು ಕಂಪ್ರೆಸರಿಗೆ ರಜೆ ಕೊಡುವುದೇ ಸರಿ. ಗಾಳಿಯ ಪೈಪು ಉದ್ದವಾದರೆ ಅಡ್ಡಿಯಿಲ್ಲ, ವೈರು ಉದ್ದವಾಗಬಾರದು.

ಮುಂದಿನ ಪರೀಕ್ಷೆಗೆ ಪ್ಲಗ್ ಕಿತ್ತು ಬೆಲ್ಟಿನ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಒಂದೆಡೆ ತುಸು ಬಿಗಿ, ಮತ್ತೆ ಸಡಿಲ, ಹೀಗೆ ತಿರುಗಿದರೆ ಸರಿ. ಜಗ್ಗದೆ ನಿಂತರೆ ಪಂಪು ಹಿಡಿದುಕೊಂಡಿದೆ, ಅದನ್ನು ಬಲವಂತವಾಗಿ ತಿರುಗಿಸದೆ ಮೆಕ್ಯಾನಿಕ್ಕಿಗೆ ಒಯ್ಯಬೇಕು. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಮಾತ್ರ ಈ ತೊಂದರೆ ಇದ್ದು ಬಿಸಿಲೇರಿದ ಮೇಲೆ ಮಾಯವಾದರೆ ಎಣ್ಣೆ ತಂಪಿಗೆ ಗಟ್ಟಿಯಾಗಿದೆಯಷ್ಟೆ. ಡ್ರೇನ್ ತೆರೆದಿಟ್ಟು ಒಂದೆರಡು ನಿಮಿಷ ಓಡಿಸಿದರೆ ಸರಿಹೋಗುತ್ತದೆ.

ಚಕ್ರ ಹಗುರಾಗಿ ತಿರುಗುತ್ತದೆ, ವೋಲ್ಟೇಜ್ ಸರಿಯಿದೆ, ಆದರೂ ಗುಂಯ್ ಎನ್ನುತ್ತಿದೆ ಎಂದರೆ ಉಳಿದದ್ದು ಮೋಟರ್ ಏಳುವಾಗ ಅದಕ್ಕೆ ನೂಕು ಕೊಡುವ ಕೆಪಾಸಿಟರ್. ನಮ್ಮ ಎಲೆಕ್ಟ್ರಿಶಿಯನ್ನರು ಕಂಡೆನ್ಸರ್ ಎನ್ನುವುದೂ ಇದನ್ನೇ. ಹೊಟ್ಟೆ ಉಬ್ಬಿದ್ದರೆ, ಎಣ್ಣೆಯಂಥ ಅಂಟು ಸೋರಿದ್ದರೆ ಅದು ಸತ್ತಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು, ಆದ್ದರಿಂದ ಹೋಲ್ಡರಿನಲ್ಲಿ ಹಾಕಿದ ಹಳೆಯ 100 ವ್ಯಾಟಿನ ಬುರುಡೆ ಬಲ್ಬಿನ ಎರಡು ವೈರುಗಳನ್ನು ಅದರ ತುದಿಗಳಿಗೆ ಕೆಲವು ಸೆಕೆಂಡು ಹಿಡಿದು ಖಾಲಿ ಮಾಡಿದ ಮೇಲೆಯೇ ಮುಟ್ಟಬೇಕು. ಈ ಕೆಲಸಕ್ಕೆ ಕೈ ನಡುಗುವವರು ಬಿಟ್ಟುಬಿಡಲಿ, ವೈಂಡಿಂಗ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಹೊಸದು ತರುವಾಗ ಮೈಕ್ರೋಫ್ಯಾರಡ್ ಸಂಖ್ಯೆ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಬಾರದು.

ಓಡುತ್ತಲೇ ಇದೆ, ಒತ್ತಡ ಏರುತ್ತಿಲ್ಲ

ಡ್ರೇನ್ ವಾಲ್ವನ್ನು ಮುಚ್ಚಲು ಮರೆತಿರುವುದು ಮೊದಲ ಸಂಶಯವಾಗಬೇಕು. ಇದನ್ನು ಬರೆಯಲು ನಾಚಿಕೆಯಾದರೂ ನಾನೇ ಎರಡು ಸಲ ಮಾಡಿದ ತಪ್ಪು.

ಎರಡನೆಯದು ಏರ್ ಫಿಲ್ಟರ್. ಮಾರ್ಚಿನಿಂದ ಮೇ ತನಕ ನಮ್ಮ ಎರೆಭೂಮಿಯ ಧೂಳು ಹಿಟ್ಟಿನಂತೆ ನಯವಾಗಿ ಎಲ್ಲೆಡೆ ಕೂರುತ್ತದೆ. ಗದಗ-ಹುಬ್ಬಳ್ಳಿಯ ಹತ್ತಿ ಜಿನ್ನಿಂಗ್ ಗಿರಣಿಗಳ ಹತ್ತಿರವಿರುವವರ ಫಿಲ್ಟರಿನ ಮೇಲೆ ಹತ್ತಿಯ ಎಳೆ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ, ಬ್ಯಾಡಗಿಯ ಕಡೆ ಖಾರದ ಪುಡಿ ಗಿರಣಿಯ ಪಕ್ಕದಲ್ಲಿದ್ದರೆ ಕೆಂಪು ಪುಡಿ ಸ್ಪಂಜಿನಲ್ಲಿ ಅಂಟಿ ಕೂತಿರುತ್ತದೆ. ಫಿಲ್ಟರ್ ತೆಗೆದು ಒಂದು ನಿಮಿಷ ಮಾತ್ರ ಓಡಿಸಿ ನೋಡಿ. ಮುಳ್ಳು ಬೇಗ ಏರತೊಡಗಿದರೆ ದೋಷ ಸಿಕ್ಕಿತು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು, ಕಾಗದದ್ದಾದರೆ ಬದಲಿಸಬೇಕು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರುಗಳಲ್ಲಿ ತೊಳೆಯಬಾರದು, ಏಕೆಂದರೆ ಅವುಗಳ ಆವಿ ಬಿಸಿಯಾದ ಸಿಲಿಂಡರಿಗೆ ಹೊಕ್ಕರೆ ಹೊತ್ತಿಕೊಳ್ಳುವ ಅಪಾಯವಿದೆ.

ಮೂರನೆಯದು ಬೆಲ್ಟ್. ಯಂತ್ರ ನಿಂತಿರುವಾಗ ಎರಡು ಚಕ್ರಗಳ ನಡುಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ 10ರಿಂದ 12 ಮಿಲಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತಿದೆ, ಆಗ ಕಿರುಚುವ ಸದ್ದೂ ರಬ್ಬರಿನ ಕಮಟು ವಾಸನೆಯೂ ಇರುತ್ತವೆ. ತೀರ ಬಿಗಿ ಮಾಡಿದರೆ ಬೇರಿಂಗ್ ಸವೆಯುತ್ತದೆ.

ನಾಲ್ಕನೆಯದಾಗಿ, ನೀವು ಬಳಸುವ ಸಾಧನ ಎಷ್ಟು ಗಾಳಿ ಕುಡಿಯುತ್ತದೆ ಎಂದು ನೋಡಬೇಕು. ಗಾಳಿಯಲ್ಲಿ ಓಡುವ ಗ್ರೈಂಡರ್, ಸ್ಯಾಂಡರುಗಳು 2 ಎಚ್‌ಪಿ ಯಂತ್ರ ಕೊಡುವುದಕ್ಕಿಂತ ಹೆಚ್ಚನ್ನೇ ಕೇಳುತ್ತವೆ. ಅಂಥಲ್ಲಿ ಮುಳ್ಳು 4ರಲ್ಲಿ ನಿಂತರೆ ಯಂತ್ರದ ತಪ್ಪಿಲ್ಲ, ಲೆಕ್ಕದ ತಪ್ಪು.

ಇವೆಲ್ಲ ಸರಿಯಿದ್ದೂ ಮುಳ್ಳು 3-4 ಕೆಜಿಯಲ್ಲಿ ಅಂಟಿ ಕೂತು ಹೆಡ್ಡು ಎಂದಿಗಿಂತ ಬೇಗ ಕಾಯುತ್ತಿದ್ದರೆ ಒಳಗಿನ ವಾಲ್ವುಗಳತ್ತ ಬೆರಳು ತೋರಿಸಬೇಕಾಗುತ್ತದೆ. ಫಿಲ್ಟರ್ ತೆಗೆದು, ಗಾಳಿ ಎಳೆಯುವ ಬಾಯಿಯ ಎದುರು ಎರಡು ಅಂಗುಲ ದೂರದಲ್ಲಿ ಅಂಗೈ ಹಿಡಿಯಬೇಕು. ಬೆರಳನ್ನು ಬಾಯೊಳಗೆ ಹಾಕಬಾರದು. ಬರೀ ಎಳೆತ ತಿಳಿದರೆ ಸರಿ. ಎಳೆದಂತೆ ಉಗುಳಿದಂತೆ ಬಿಸಿಗಾಳಿ ಅಂಗೈಗೆ ಬಡಿಯುತ್ತಿದ್ದರೆ ಒಳಸೇರಿದ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ರೀಡ್ ವಾಲ್ವು, ಅಂದರೆ ಬ್ಲೇಡಿನಂಥ ತೆಳು ಉಕ್ಕಿನ ಪಟ್ಟಿ, ಮುರಿದಿದೆ ಅಥವಾ ಕಾರ್ಬನ್ ಕೂತು ಸರಿಯಾಗಿ ಮುಚ್ಚುತ್ತಿಲ್ಲ. ಹೆಡ್ಡು ಬಿಚ್ಚಿ ಅದನ್ನು ಬದಲಿಸುವುದು ಸ್ಕೂಟರ್ ಎಂಜಿನ್ನಿಗೆ ಕೈ ಹಚ್ಚಿದವರಿಗೆ ಕಷ್ಟವಲ್ಲ. ಗ್ಯಾಸ್ಕೆಟ್ ಹೊಸದನ್ನೇ ಹಾಕಬೇಕು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋಗಬೇಕು. ಆ ಅನುಭವ ಇಲ್ಲದವರು ಇಲ್ಲಿ ನಿಲ್ಲುವುದು ಒಳ್ಳೆಯದು.

ನಿಂತ ಮೇಲೂ ಸುಸ್ಸೆನ್ನುತ್ತದೆ, ಬಳಸದಿದ್ದರೂ ತಾನಾಗಿ ಚಾಲೂ ಆಗುತ್ತದೆ

ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವ ಲಕ್ಷಣವಿದು. ನಾನೂ ಕಳೆದುಕೊಂಡವನೇ.

ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ, ಟ್ಯಾಂಕಿನಿಂದ ಪೈಪಿಗೆ ಹೋಗುವ ಕಾಕನ್ನು ಮುಚ್ಚಿ, ಪ್ಲಗ್ ಕಿತ್ತು, ಗೇಜಿನ ಸಂಖ್ಯೆಯನ್ನು ಬರೆದಿಟ್ಟು ಒಂದು ಗಂಟೆ ಬಿಡಬೇಕು. ಮುಳ್ಳು ಹೆಚ್ಚು ಇಳಿಯದಿದ್ದರೆ ಟ್ಯಾಂಕಿನ ಕಡೆ ಸರಿಯಿದೆ, ಸೋರಿಕೆ ಪೈಪು, ಕಪ್ಲಿಂಗ್, ಗನ್ನುಗಳಲ್ಲಿದೆ. ಬಿಸಿ ಗಾಳಿ ಆರುವಾಗ ಸ್ವಲ್ಪ ಇಳಿಯುವುದು ಸಹಜ. ಮುಳ್ಳು ಸರಸರನೆ ಇಳಿದರೆ ಸೋರಿಕೆ ಕಾಕಿನ ಈಚೆಗಿದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟದ ಅರ್ಧ ಜಾಗ ಕಳೆದುಹೋಗುತ್ತದೆ.

ಪೈಪಿನ ಕಡೆಯಾದರೆ ಬಟ್ಟಲಲ್ಲಿ ಸಾಬೂನಿನ ನೊರೆ ಮಾಡಿ, ಹಳೆಯ ಬಣ್ಣದ ಬ್ರಶ್ಶಿನಿಂದ ಒಂದೊಂದು ಜಾಯಿಂಟಿಗೂ ಹಚ್ಚಿ ಗುಳ್ಳೆ ಏಳುವುದನ್ನು ಕಾಯಬೇಕು. ದೊಡ್ಡ ಸೋರಿಕೆಯಲ್ಲಿ ನೊರೆ ಹಾರಿಹೋಗುತ್ತದೆ, ಸಣ್ಣದರಲ್ಲಿ ರಾಗಿಕಾಳಿನಷ್ಟು ಗುಳ್ಳೆಗಳು ಒಂದರ ಪಕ್ಕ ಒಂದು ನಿಧಾನವಾಗಿ ಹುಟ್ಟುತ್ತವೆ. ಅವಸರ ಮಾಡಿದರೆ ಇವು ಕಾಣುವುದಿಲ್ಲ. ಸಿಕ್ಕ ಜಾಗವನ್ನು ಗಾಳಿ ಖಾಲಿ ಮಾಡಿದ ಮೇಲೆ ಬಿಚ್ಚಿ, ಹಳೆಯ ಟೆಫ್ಲಾನ್ ಟೇಪ್ ಕೆರೆದು ತೆಗೆದು, ಬಿಗಿ ಮಾಡುವ ದಿಕ್ಕಿಗೇ ಹೊಸದನ್ನು ಮೂರು ನಾಲ್ಕು ಸುತ್ತು ಸುತ್ತಿ ಕೂರಿಸಬೇಕು. ಥಟ್ಟನೆ ಸೇರಿಸುವ ಕ್ವಿಕ್ ಕಪ್ಲಿಂಗಿನ ಒಳಗಿನ ರಬ್ಬರ್ ರಿಂಗು ಒಣಗಿ ಸೀಳಿರುವುದೇ ಹೆಚ್ಚು.

ಟ್ಯಾಂಕಿನ ಕಡೆಯಾದರೆ ಕಿವಿಯನ್ನು ಪ್ರೆಶರ್ ಸ್ವಿಚ್ಚಿನ ಹತ್ತಿರ ಒಯ್ಯಿರಿ. ನಿಂತಾಗಿನ ಟುಸ್ಸ್ ಸದ್ದು ಎರಡು ಮೂರು ಸೆಕೆಂಡಿಗೆ ನಿಲ್ಲದೆ ಸಣ್ಣಗೆ ಮುಂದುವರಿಯುತ್ತಲೇ ಇದ್ದರೆ ನೋಡಿದವರೆಲ್ಲ ಸ್ವಿಚ್ಚನ್ನು ಬಯ್ಯುತ್ತಾರೆ. ಸ್ವಿಚ್ಚಿನದು ತಪ್ಪಲ್ಲ. ತಾಮ್ರದ ಕೊಳವೆ ಟ್ಯಾಂಕನ್ನು ಸೇರುವ ಜಾಗದಲ್ಲಿರುವ ನಾನ್ ರಿಟರ್ನ್ ವಾಲ್ವು, ಗಾಳಿ ಟ್ಯಾಂಕಿಗೆ ಹೋಗಲಿ ಹಿಂದಕ್ಕೆ ಬರದಿರಲಿ ಎಂದು ಇಟ್ಟ ಬಾಗಿಲು, ಪೂರ್ತಿ ಮುಚ್ಚುತ್ತಿಲ್ಲ. ಟ್ಯಾಂಕಿನ ಗಾಳಿ ಹಿಂದಕ್ಕೆ ಹರಿದು, ತೆರೆದಿರುವ ಅನ್‌ಲೋಡರಿನ ಮೂಲಕ ಹೊರಬೀಳುತ್ತಿದೆ. ಸದ್ದು ಕೇಳುವ ಜಾಗ ಒಂದು, ರೋಗದ ಜಾಗ ಇನ್ನೊಂದು. ಇದಕ್ಕೆ ತದ್ವಿರುದ್ಧವಾಗಿ, ಮೋಟರ್ ಓಡುವಾಗ ಸ್ವಿಚ್ಚಿನ ಬುಡದಲ್ಲಿ ಸುಸ್ಸೆನ್ನುತ್ತಿದ್ದು ನಿಂತ ಮೇಲೆ ಸುಮ್ಮನಾದರೆ ಆಗ ಅನ್‌ಲೋಡರಿನದೇ ದೋಷ. ಧೂಳು ಸಿಕ್ಕಿ ಅದು ಮುಚ್ಚುತ್ತಿಲ್ಲ.

ನನ್ನ ಯಂತ್ರಕ್ಕೆ ಈ ಮೊದಲನೆಯ ಲಕ್ಷಣ ಬಂದಾಗ ಎರಡು ದಿನ ತಡಬಡಾಯಿಸಿ, ಪಂಪು ಸವೆದಿದೆ ಎಂದು ನಾನೇ ತೀರ್ಮಾನಿಸಿ, ಬೇಡವೆಂದ ಮೆಕ್ಯಾನಿಕ್ಕಿಗೆ ದುಂಬಾಲು ಬಿದ್ದು ಪಿಸ್ಟನ್ ರಿಂಗು ಹಾಕಿಸಿದೆ. ಮನೆಗೆ ತಂದ ದಿನ ರಾತ್ರಿ ಎರಡು ಗಂಟೆಗೆ ಪ್ಲಗ್ ಕೀಳಲು ಮರೆತಿದ್ದ ಕಂಪ್ರೆಸರ್ ಮತ್ತೆ ತಾನಾಗಿ ಗಡಗಡಿಸಿ ಮನೆಮಂದಿಯನ್ನೆಲ್ಲ ಎಬ್ಬಿಸಿತು. ಮಾರನೆಯ ದಿನ ಆತನೇ ಬಂದು ನಾನ್ ರಿಟರ್ನ್ ವಾಲ್ವು ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದ. ಕಾಸಗಲದ ರಬ್ಬರ್ ಬಿಲ್ಲೆಯ ಅಂಚಿನಲ್ಲಿ ಎಳ್ಳುಕಾಳಿನಷ್ಟು ಕಾರ್ಬನ್ ಚೂರು ಹೂತು ಕೂತಿತ್ತು, ಅದರ ಸುತ್ತ ಬೆಳ್ಳಿಗೆರೆಯಂಥ ಗಾಳಿಯ ಜಾಡು. “ರಿಂಗಿಗೆ ರೊಕ್ಕ ಸುಮ್ಮ ಹೋತ್ರಿ ಸರ, ಪಂಪ್ ಚಲೋನ ಇತ್ತು, ಗಾಳಿ ಹಿಂದಕ್ಕ ಬರಾಕ್ಹತ್ತಿತ್ತು ನೋಡ್ರಿ” ಎಂದ. ಬಿಲ್ಲೆಯ ಬೆಲೆ ರಿಂಗಿನ ಖರ್ಚಿನ ಹತ್ತರಲ್ಲೊಂದು ಪಾಲೂ ಇರಲಿಲ್ಲ.

ಈ ವಾಲ್ವನ್ನು ಬಿಚ್ಚುವಾಗ ಟ್ಯಾಂಕ್ ಪೂರ್ತಿ ಖಾಲಿಯಿರಬೇಕು, ಕೊಳವೆ ಆರಿರಬೇಕು. ಬಿಲ್ಲೆಯನ್ನೂ ಅದು ಕೂರುವ ಹಿತ್ತಾಳೆಯ ಅಂಚನ್ನೂ ಸಾಬೂನು ನೀರಿನಲ್ಲಿ ಒರೆಸಿ, ಗೀರು ಬಿದ್ದಿದ್ದರೆ ವಾಲ್ವನ್ನೇ ಬದಲಿಸಬೇಕು. ಅಂಗಡಿಗೆ ಹಳೆಯದನ್ನು ಒಯ್ಯುವುದು ಜಾಣತನ, ಚೂಡಿಯ (ಥ್ರೆಡ್ಡಿನ) ಅಳತೆ ಬಾಯಲ್ಲಿ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ.

ಟ್ಯಾಂಕ್ ತುಂಬಿದೆ, ಗನ್ನಿನಲ್ಲಿ ದಮ್ಮಿಲ್ಲ

ಗನ್ನಿಗೆ ಹೋಗುವ ಒತ್ತಡವನ್ನು ಹೊಂದಿಸುವ ರೆಗ್ಯುಲೇಟರನ್ನು ಯಾರೋ ತಿರುಗಿಸಿರುತ್ತಾರೆ, ಅಥವಾ ಅದರ ಕೆಳಗಿನ ಫಿಲ್ಟರ್ ಬಟ್ಟಲು ಕೆಸರು ತುಂಬಿ ಕಟ್ಟಿರುತ್ತದೆ, ಅಥವಾ ಪೈಪು ಎಲ್ಲೋ ಮಡಚಿರುತ್ತದೆ. ತೆಳು ಸುರುಳಿ ಪೈಪಿಗಿಂತ ಒಳಗಲ 8 ಮಿಲಿಮೀಟರ್ ಇರುವ ನೇರ ಪೈಪಿನಲ್ಲಿ ಗಾಳಿಯ ಹರಿವು ಬಹಳ ಸಲೀಸು.

ನಿಲ್ಲುವುದೇ ಇಲ್ಲ, ಸೇಫ್ಟಿ ವಾಲ್ವು ಕಿರುಚುತ್ತದೆ

ಇಲ್ಲಿ ಪರೀಕ್ಷೆಯ ಮಾತಿಲ್ಲ. ಯಂತ್ರದ ಬಳಿ ಹೋಗದೆ ಗೋಡೆಯ ಸ್ವಿಚ್ ಆರಿಸಿ ದೂರ ನಿಲ್ಲಬೇಕು. ಪ್ರೆಶರ್ ಸ್ವಿಚ್ಚಿನ ಪಾಯಿಂಟುಗಳು ಬೆಸೆದುಕೊಂಡು ಮೋಟರ್ ನಿಲ್ಲುತ್ತಿಲ್ಲ, ಸೇಫ್ಟಿ ವಾಲ್ವು ತನ್ನ ಕರ್ತವ್ಯ ಮಾಡಿ ಟ್ಯಾಂಕನ್ನೂ ನಿಮ್ಮನ್ನೂ ಉಳಿಸಿದೆ. ಸ್ವಿಚ್ ಬದಲಿಸದೆ ಒಂದು ಸಲವೂ ಓಡಿಸಬಾರದು. ಯಂತ್ರ ತಾನಾಗಿ ನಿಲ್ಲುವ ಕಟ್ ಆಫ್ ಸಂಖ್ಯೆಯ ಒಳಗೇ ಸೇಫ್ಟಿ ವಾಲ್ವು ಸೋರುತ್ತಿದ್ದರೆ ವಾಲ್ವು ಹಳೆಯದಾಗಿದೆ, ಅದೇ ಒತ್ತಡದ ಹೊಸದನ್ನು ಹಾಕಬೇಕು. ಸೋರುತ್ತದೆಂದು ಅದನ್ನು ಬಿಗಿ ಮಾಡುವುದು, ತೆಗೆದು ಪ್ಲಗ್ ಬಡಿಯುವುದು ಕಂಡರೆ ಆ ಶೆಡ್ಡಿನಿಂದ ಹೊರಗೆ ಬಂದುಬಿಡಿ. ತಿಂಗಳಿಗೊಮ್ಮೆ ಕನ್ನಡಕ ಹಾಕಿಕೊಂಡು ಅದರ ಉಂಗುರವನ್ನು ಎಳೆದು ಬಿಡುವ ರೂಢಿ ಇರಲಿ. ಎಳೆದಾಗ ಗಾಳಿ ಹಾರಿ, ಬಿಟ್ಟಾಗ ನಿಲ್ಲಬೇಕು.

ಗನ್ನಿನಿಂದ ನೀರು ಸಿಡಿಯುತ್ತದೆ

ಜೂನ್ ಎರಡನೆಯ ವಾರದಿಂದ ಧಾರವಾಡದಲ್ಲಿ ಕಂಪ್ರೆಸರ್ ಇರುವವರೆಲ್ಲರ ದೂರು ಇದು. ಬಣ್ಣ ಹೊಡೆದ ಬಾಗಿಲಿನ ಮೇಲೆ ಸಣ್ಣ ಸಣ್ಣ ಕುಳಿಗಳು ಏಳುತ್ತವೆ, ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಯಂತ್ರದಲ್ಲಿ ನೀರು ಎಲ್ಲಿಂದ ಬಂತೆಂದು ಗಾಬರಿಯಾಗಬೇಕಿಲ್ಲ, ಅದು ನಾವು ಉಸಿರಾಡುವ ಗಾಳಿಯದೇ ನೀರು. 50 ಲೀಟರ್ ಟ್ಯಾಂಕನ್ನು 8 ಕೆಜಿಗೆ ತುಂಬಲು ಹೊರಗಿನ ಸುಮಾರು 420 ಲೀಟರ್ ಗಾಳಿ ಬೇಕು. 25 ಡಿಗ್ರಿ ಸೆಲ್ಸಿಯಸಿನ ತೇವಗಾಳಿಯಲ್ಲಿ ಪ್ರತಿ ಘನಮೀಟರಿಗೆ 20 ಗ್ರಾಮಿನಷ್ಟು ನೀರಾವಿ ಇರುತ್ತದೆ. ಅಷ್ಟನ್ನೂ 50 ಲೀಟರಿಗೆ ಒತ್ತಿ ತಂಪಾಗಿಸಿದಾಗ ಆವಿಯಾಗಿ ಉಳಿಯಲು ಸಾಧ್ಯವಿರುವುದು ಒಂದು ಗ್ರಾಮಿಗಿಂತ ತುಸು ಹೆಚ್ಚು ಮಾತ್ರ, ಮಿಕ್ಕ 7 ಗ್ರಾಂ ನೀರಾಗಿ ತಳಕ್ಕಿಳಿಯುತ್ತದೆ. ದಿನಕ್ಕೆ ಇಪ್ಪತ್ತು ಸಲದಷ್ಟು ಗಾಳಿ ಬಳಸಿದರೆ ಒಂದು ಲೋಟ ಚಹಾದಷ್ಟು ನೀರು.

ಪರಿಹಾರವೆಂದರೆ ದಿನಾ ಸಂಜೆ ಒಂದೆರಡು ಕೆಜಿ ಒತ್ತಡ ಉಳಿದಿರುವಾಗ ಡ್ರೇನ್ ತೆರೆದು ನೀರು ಬಿಡುವುದು. ಮಳೆಗಾಲದಲ್ಲಿ ಬಣ್ಣದ ಕೆಲಸದ ನಡುವೆಯೂ ಒಮ್ಮೆ ಬಿಡಬೇಕು. ಟ್ಯಾಂಕಿನ ಬಾಯಲ್ಲಿಯೇ ನೀರು ಹಿಡಿಯುವ ಫಿಲ್ಟರ್ ಕೂರಿಸಿದರೆ ಗಾಳಿ ಇನ್ನೂ ಬಿಸಿಯಿರುವುದರಿಂದ ಆವಿ ಹಾಗೆಯೇ ದಾಟಿ ಮುಂದೆ ಪೈಪಿನಲ್ಲಿ ನೀರಾಗುತ್ತದೆ. ಏಳೆಂಟು ಮೀಟರ್ ಪೈಪು ದಾಟಿದ ಮೇಲೆ, ಗನ್ನಿಗೆ ಹತ್ತಿರ, ಫಿಲ್ಟರ್ ಇರಲಿ. ಹೊರಬಂದ ನೀರಿನ ಬಣ್ಣವನ್ನೂ ನೋಡಬೇಕು. ತಿಳಿ ಕಂದು ಸಾಮಾನ್ಯ, ಇಟ್ಟಂಗಿಯಂತೆ ಗಾಢ ಕೆಂಪಾಗಿದ್ದು ಸಿಪ್ಪೆ ಸಿಪ್ಪೆ ತುಕ್ಕು ಬರುತ್ತಿದ್ದರೆ ಕೊನೆಯ ಭಾಗವನ್ನು ಈಗಲೇ ಓದಿ.

ಗಾಳಿಯಲ್ಲಿ ಎಣ್ಣೆ, ಗಾಜಿನಲ್ಲಿ ಹಾಲು

ಬಿಳಿ ಕಾಗದದ ಮೇಲೆ ಗನ್ ಹಿಡಿದಾಗ ಎಣ್ಣೆಯ ಚುಕ್ಕೆ ಬಿದ್ದರೆ ಮೊದಲು ಎಣ್ಣೆಯ ಮಟ್ಟ ನೋಡಬೇಕು. ಯಂತ್ರ ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಎಣ್ಣೆ ಗಾಜಿನ ಕೆಂಪು ಚುಕ್ಕೆಯ ನಡುವಿಗೆ ಬರಬೇಕು, ಅದರ ಮೇಲಿದ್ದರೆ ಹೆಚ್ಚಿನದು ಗಾಳಿಯ ಜೊತೆ ಹೋಗುತ್ತದೆ. ಮೋಟರ್ ಸೈಕಲ್ಲಿಗೆ ಹಾಕಿ ಉಳಿದ ಎಂಜಿನ್ ಆಯಿಲನ್ನು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಲ್ಲಿರುವ ಡಿಟರ್ಜೆಂಟಿನಿಂದ ನೊರೆಯೇಳುತ್ತದೆ, ವಾಲ್ವಿನ ಮೇಲೆ ಕಾರ್ಬನ್ ಕೂರುತ್ತದೆ. ಪುಸ್ತಿಕೆಯಲ್ಲಿ ಬೇರೆ ಹೇಳಿಲ್ಲದಿದ್ದರೆ ನಮ್ಮ ಸೆಕೆಗೆ ಐಎಸ್ಒ ವಿಜಿ 100 ದರ್ಜೆಯ ಕಂಪ್ರೆಸರ್ ಆಯಿಲ್ ಹೊಂದುತ್ತದೆ. ಮಟ್ಟವೂ ಎಣ್ಣೆಯೂ ಫಿಲ್ಟರೂ ಸರಿಯಿದ್ದು ಎಣ್ಣೆ ಬರುತ್ತಲೇ ಇದ್ದರೆ, ಎಣ್ಣೆಪೆಟ್ಟಿಗೆಯ ಉಸಿರುಗೊಳವೆಯಿಂದ ಹೊಗೆ ಬುಸುಬುಸು ಎನ್ನುತ್ತಿದ್ದರೆ, ಆಗ ಮಾತ್ರ ಪಿಸ್ಟನ್ ರಿಂಗಿನ ಮಾತು.

ಗಾಜಿನಲ್ಲಿ ಎಣ್ಣೆ ಮಜ್ಜಿಗೆಯಂತೆ ಕಂಡರೆ ನೀರು ಬೆರೆತಿದೆ. ಮಳೆಗಾಲದಲ್ಲಿ ಎರಡೆರಡು ನಿಮಿಷ ಓಡಿಸಿ ನಿಲ್ಲಿಸುವ ಯಂತ್ರ ಕಾಯುವುದೇ ಇಲ್ಲ, ಒಳಗಿನ ತೇವ ಹೊರಹೋಗುವುದಿಲ್ಲ. ಎಣ್ಣೆ ಬದಲಿಸಿ, ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಬಿಡದೆ ಓಡಿಸಬೇಕು. ಆಯಿಲ್ ಫ್ರೀ ಮಾದರಿಗೆ ಎಲ್ಲಿಯೂ ಒಂದು ಹನಿ ಎಣ್ಣೆ ಬಿಡಬಾರದು.

ಬಡಿತದ ಸದ್ದು, ವಿಪರೀತ ಕಾವು

ಟಕಟಕ ಸದ್ದು ಬಂದರೆ ಪ್ಲಗ್ ಕಿತ್ತು ಚಕ್ರವನ್ನು ಅಲ್ಲಾಡಿಸಿ ನೋಡಬೇಕು, ಮೋಟರಿನ ಪುಲ್ಲಿ ಸಡಿಲಾಗಿರುವುದೇ ಹೆಚ್ಚು. ಬುಡದ ಬೋಲ್ಟುಗಳನ್ನೂ ಬೆಲ್ಟಿನ ಜಾಲರಿಯನ್ನೂ ಬಿಗಿ ಮಾಡಿದ ಮೇಲೂ ಪಂಪಿನೊಳಗಿನಿಂದಲೇ ಸುತ್ತಿಗೆ ಬಡಿದಂತೆ ಕೇಳುತ್ತಿದ್ದರೆ ಬೇರಿಂಗೋ ಕನೆಕ್ಟಿಂಗ್ ರಾಡೋ ಹೋಗಿದೆ. ಇನ್ನೊಂದು ನಿಮಿಷ ಓಡಿಸಿದರೂ ಸಿಲಿಂಡರ್ ಹಾಳು.

ಕಾವಿನ ಮಟ್ಟಿಗೆ, ಮನೆಬಳಕೆಯ ಯಂತ್ರ ಇಡೀ ಹೊತ್ತು ಓಡಲು ಹುಟ್ಟಿದ್ದಲ್ಲ. ಹತ್ತು ನಿಮಿಷದಲ್ಲಿ ಐದಾರು ನಿಮಿಷ ಓಡಿ ಮಿಕ್ಕ ಹೊತ್ತು ಆರಬೇಕು. ಏಪ್ರಿಲ್ಲಿನ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಬಾಗಿಲು ಮುಚ್ಚಿ ಓಡಿಸಿದರೆ ಯಂತ್ರ ತಾನು ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗೋಡೆಯಿಂದ ಒಂದು ಮೊಳ ದೂರ, ಬಾಗಿಲ ಗಾಳಿಗೆ ಎದುರಾಗಿ ಇಡಬೇಕು. ಬಣ್ಣ, ಥಿನ್ನರಿನ ಆವಿಯಿರುವ ಜಾಗದಲ್ಲಿ ಕಂಪ್ರೆಸರ್ ಇಡಬಾರದು, ಪ್ರೆಶರ್ ಸ್ವಿಚ್ಚಿನ ಪ್ರತಿ ಬಡಿತಕ್ಕೂ ಕಿಡಿ ಹಾರುತ್ತದೆ.

ಟ್ಯಾಂಕಿನ ತುಕ್ಕು

ಟ್ಯಾಂಕ್ ಒಳಗಿನಿಂದ, ನೀರು ನಿಲ್ಲುವ ತಳದಲ್ಲಿ ಕೊಳೆಯುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ತಳದಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ, ಡ್ರೇನಿನ ಸುತ್ತ ಒದ್ದೆ ಕಲೆಯಿದ್ದರೆ, ಸಾಬೂನು ನೊರೆಗೆ ತಗಡಿನ ಮೇಲೆಯೇ ಗುಳ್ಳೆ ಎದ್ದರೆ, ಮರದ ಹಿಡಿಯಿಂದ ಖಾಲಿ ಟ್ಯಾಂಕನ್ನು ತಟ್ಟಿದಾಗ ಒಂದು ಕಡೆ ಮಾತ್ರ ಮಂಕು ಸದ್ದು ಬಂದರೆ ಅದಕ್ಕೆ ಮತ್ತೆ ಗಾಳಿ ತುಂಬಬಾರದು. ಸೂಜಿಮೊನೆಯಷ್ಟು ತೂತು ಕಂಡಿತೆಂದರೆ ಅದರ ಸುತ್ತಲಿನ ಅಂಗೈ ಅಗಲದ ತಗಡೂ ತೆಳುವಾಗಿರುತ್ತದೆ, ಅಲ್ಲಿ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲಿ ಸಿಡಿಯುತ್ತದೆ. “ಒಂದು ಟಾಕಿ ಹೊಡೆದುಕೊಡುತ್ತೇನೆ” ಎನ್ನುವ ವೆಲ್ಡರ್ ಎಲ್ಲ ಪೇಟೆಯಲ್ಲಿಯೂ ಸಿಗುತ್ತಾನೆ. ಎಂಸೀಲ್ ಹಚ್ಚುವವರೂ ಇದ್ದಾರೆ. ಒಪ್ಪಬಾರದು. ಟ್ಯಾಂಕ್ ಬಗ್ಗೆ ಅನುಮಾನ ಮಾತ್ರ ಇದ್ದರೆ ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟ್ ಮಾಡುವವರಿಗೆ ಒಯ್ಯಬೇಕು. ಗಾಳಿ ತುಂಬಿ ಪರೀಕ್ಷಿಸುವುದು ಪರೀಕ್ಷೆಯಲ್ಲ.

ಪಂಪು ಮೋಟರುಗಳನ್ನು ಹೊಸ ಟ್ಯಾಂಕಿಗೆ ಕೂರಿಸಿಕೊಳ್ಳಬಹುದು. ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ಡ್ರೇನನ್ನೂ ಮೇಲಿನ ಪ್ಲಗ್ಗನ್ನೂ ಕಳಚಿ, ಒಳಗೆ ಗಾಳಿಯಿಲ್ಲವೆಂದು ಖಚಿತಪಡಿಸಿಕೊಂಡು, ಡ್ರಿಲ್ಲಿನಿಂದ ಹೊಟ್ಟೆಯಲ್ಲಿ ನಾಲ್ಕೈದು ದೊಡ್ಡ ತೂತು ಕೊರೆದು ಕೊಡಿ. ಇಲ್ಲದಿದ್ದರೆ ಬಣ್ಣ ಬಳಿಸಿಕೊಂಡು ಅದು ಇನ್ನೊಬ್ಬರ ಶೆಡ್ಡಿಗೆ ಹೋಗಿ ಕೂರುತ್ತದೆ.